‘ಪರ್ಯಾಯ ಮೌಲ್ಯಮಾಪನ’: ಪರ್ಯಾಯ ಅಂದ್ರೆ ಬದಲಿಗಾ, ಜೊತೆಗಾ?

ಎಲ್ಲರಿಗೂ ನಮಸ್ಕಾರ. ಮೇಷ್ಟ್ರುಗಳಿಗೆ ಅಂತ ಒಂದು ಕೈಪಿಡಿ ಕನ್ನಡಕ್ಕೆ ತರ್ತಾ ಇದೀನಿ, ಒಂದು ಪದದ ಹತ್ರ ಬಂದು ಗಾಡಿ ನಿಂತುಬಿಟ್ಟಿದೆ. ಆಲ್ಟರ್ನೇಟಿವ್ ಅಸೆಸ್‌ಮೆಂಟ್ ಅನ್ನೋದಕ್ಕೆ ಸಾಮಾನ್ಯವಾಗಿ ‘ಪರ್ಯಾಯ ಮೌಲ್ಯಮಾಪನ’ ಅಂತಾರೆ, ಅಂದ್ರೆ ಲಿಖಿತ ಟೆಸ್ಟ್ ಅಲ್ಲದೆ ಬೇರೆ ರೀತೀಲಿ ಮಕ್ಕಳ ಕಲಿಕೆ ಅಳೆಯೋದು: ಪ್ರಾಜೆಕ್ಟು, ಮೌಖಿಕ, ಕೈಯಾರೆ ಮಾಡಿ ತೋರಿಸೋದು, ಪೋರ್ಟ್‌ಫೋಲಿಯೊ (ಮಗು ಮಾಡಿದ ಕೆಲಸಗಳನ್ನ ಒಟ್ಟಿಗೆ ಸೇರಿಸಿಡೋದು, ಇದಕ್ಕೆ ‘ಕೃತಿ ಸಂಪುಟ’ ಅಂತ ಚಂದದ ಪದ ಇದೆ) ಇವೆಲ್ಲ. ನಾನೂ ಹಾಗೇ ಬರ್ದಿದ್ದೆ. ಕರಡು ಓದಿದ ಟೀಚರ್ ಒಬ್ರು ಕೇಳಿದ ಮೊದಲ ಪ್ರಶ್ನೆ, ‘ಹಾಗಾದ್ರೆ ಇನ್ಮೇಲೆ ಟೆಸ್ಟ್ ಇಲ್ವಾ ಸಾರ್?’

ಅವರದ್ದೇನೂ ತಪ್ಪಿಲ್ಲ. ಪರ್ಯಾಯ ಮಾರ್ಗ ಅಂದ್ರೆ ಈ ದಾರಿ ಬಿಟ್ಟು ಆ ದಾರಿ ಅಂತ ತಾನೇ. ಆದ್ರೆ ಕೈಪಿಡಿ ಹೇಳೋದು ಟೆಸ್ಟು, ಇವು ಎರಡೂ ಇರ್ಲಿ ಅಂತ. ಅದರಲ್ಲಿರೋ ಉದಾಹರಣೇನೇ ನೋಡಿ: ಒಬ್ಬ ಹುಡುಗ ಪೇಪರಲ್ಲಿ ವಿದ್ಯುತ್ ಮಂಡಲದ ಚಿತ್ರ ಪೂರ್ತಿ ಸರಿಯಾಗಿ ಬರೆದು ಅಂಕ ತಗೊಂಡ, ಕೈಗೆ ಸೆಲ್ಲು, ವೈರು, ಬಲ್ಬು ಕೊಟ್ರೆ ಎರಡೂ ವೈರನ್ನ ಬಲ್ಬಿನ ತಳದ ಒಂದೇ ಚುಕ್ಕಿಗೆ ಒತ್ತಿ ಹಿಡ್ಕೊಂಡು ಯಾಕೆ ಹತ್ತಲಿಲ್ಲ ಅಂತ ನೋಡ್ತಾ ಕೂತ. ಪಕ್ಕದ ಹುಡುಗಿ ಅರೆಕ್ಷಣದಲ್ಲಿ ಬಲ್ಬು ಹತ್ತಿಸಿದ್ಲು, ಚಿತ್ರ ಬಿಡಿಸು ಅಂದ್ರೆ ಸೊನ್ನೆ. ಟೆಸ್ಟ್ ಒಂದನ್ನೇ ನೋಡಿದ್ರೆ ಹುಡುಗಿ ಕಾಣಿಸಲ್ಲ, ಮಾಡಿ ತೋರಿಸೋದೊಂದನ್ನೇ ನೋಡಿದ್ರೆ ಹುಡುಗನಿಗೆ ಗೊತ್ತಿರೋದು ಕಾಣಿಸಲ್ಲ.

ಇನ್ನು ‘ಮೌಲ್ಯಮಾಪನ’ದ್ದೂ ಒಂದು ತಕರಾರಿದೆ. ಮನೇಲಿ ಅಪ್ಪ ಅಮ್ಮನ ಕಿವಿಗೆ ಅದು ಉತ್ತರಪತ್ರಿಕೆ ತಿದ್ದೋದು ಅಂತ್ಲೇ ಬೀಳುತ್ತೆ. ಮರುಮೌಲ್ಯಮಾಪನ ಅಂತ ಕೇಳಿ ಕೇಳಿ ‘ಪರ್ಯಾಯ ಮೌಲ್ಯಮಾಪನ’ ಅಂದ್ರೂ ಪೇಪರ್ ಇನ್ನೊಂದ್ಸಲ ತಿದ್ದಿಸೋದೇನೋ ಅನ್ಕೊಳ್ಳೋರಿದಾರೆ.

ನಾನು ಯೋಚ್ನೆ ಮಾಡಿದ್ದು ಹೇಳ್ತೀನಿ. ‘ಪರೀಕ್ಷೇತರ’ ಅಂದ್ರೆ ಅರ್ಥ ನೇರವಾಗಿದೆ, ಆದ್ರೆ ‘ಪಠ್ಯೇತರ ಚಟುವಟಿಕೆ’ಗೆ ಏನಾಯ್ತು ನೆನಪಿಸ್ಕೊಳ್ಳಿ. ‘ಇತರ’ ಅಂದಕೂಡ್ಲೇ ಅದು ಲೆಕ್ಕಕ್ಕಿಲ್ಲದ್ದು ಅನ್ನೋ ಭಾವನೆ ಬಂತು, ಆಮೇಲೆ ‘ಸಹಪಠ್ಯ’ ಅಂತ ಮಾಡ್ಕೊಂಡ್ರು. ಅದೇ ದಾರೀಲಿ ‘ಸಹಮೌಲ್ಯಮಾಪನ’ ಅನ್ನೋಣ ಅಂದ್ರೆ ಮಕ್ಕಳು ಒಬ್ಬರನ್ನೊಬ್ರು ಅಳೆಯೋದು, ಸಹಪಾಠಿ ಮೌಲ್ಯಮಾಪನ, ಅದರ ಜೊತೆ ಕಲಸಿಹೋಗುತ್ತೆ. ‘ಪೂರಕ’ ಅಂದ್ರೆ ಫೇಲಾದೋರ ಪೂರಕ ಪರೀಕ್ಷೆ ನೆನಪಾಗುತ್ತೆ, ಅದಂತೂ ಬೇಡವೇ ಬೇಡ. ಇನ್ನು ರೂಪಣಾತ್ಮಕ (ಕಲೀತಾ ಇರುವಾಗ್ಲೇ ತಿದ್ದಿ ಮುಂದೆ ಸಾಗಿಸೋಕೆ ಅಳೆಯೋದು), ಸಂಕಲನಾತ್ಮಕ (ಪಾಠ ಮುಗಿದ ಮೇಲೆ ಒಟ್ಟು ಎಷ್ಟು ಕಲಿತ್ರು ಅಂತ ಅಳೆಯೋದು) ಅನ್ನೋ ಜೋಡಿ ಇದೆ, ತತ್ವಶಾಸ್ತ್ರಜ್ಞ ಮೈಕೆಲ್ ಸ್ಕ್ರಿವೆನ್ 1967ರಲ್ಲಿ ಕೊಟ್ಟ ಫಾರ್ಮೇಟಿವ್, ಸಮ್ಮೇಟಿವ್‌ಗೆ ನಮ್ಮವರು ಕಟ್ಟಿದ್ದು, ಆದ್ರೆ ಅದು ಯಾಕಾಗಿ ಅಳೀತೀವಿ ಅನ್ನೋ ವಿಚಾರ. ಸಣ್ಣ ಲಿಖಿತ ಟೆಸ್ಟೂ ರೂಪಣಾತ್ಮಕ ಆಗಬಹುದು. ಇದನ್ನ ಆಲ್ಟರ್ನೇಟಿವ್ ಅನ್ನೋದಕ್ಕೆ ಬಳಸೋರನ್ನ ಕಂಡ್ರೆ ನಂಗೆ ಸಿಟ್ಟು ಬರುತ್ತೆ, ಇರ್ಲಿ.

ತಮಾಷೆ ಏನಂದ್ರೆ ‘ಪರೀಕ್ಷೆ’ ಅನ್ನೋ ಪದವನ್ನೇ ಬಿಡಿಸಿ ನೋಡಿದ್ರೆ ಪರಿ ಮತ್ತು ಈಕ್ಷೆ, ಸುತ್ತಲೂ ನೋಡೋದು ಅಂತ. ನಾವು ಹೊಸ ಪದ ಹುಡುಕ್ತಿರೋದು ಅದೇ ಕೆಲಸಕ್ಕೆ! ಇಂಗ್ಲಿಷಿನ ಅಸೆಸ್ ಕೂಡ ಲ್ಯಾಟಿನ್‌ನಲ್ಲಿ ‘ಪಕ್ಕದಲ್ಲಿ ಕೂತ್ಕೊಳ್ಳೋದು’ ಅನ್ನೋ ಮೂಲದ್ದು, ತೆರಿಗೆ ಗೊತ್ತುಮಾಡೋ ಅರ್ಥ ದಾಟಿ ಶಾಲೆಗೆ ಬಂತು.

ಸದ್ಯಕ್ಕೆ ‘ಬಹುವಿಧ ಮೌಲ್ಯಾಂಕನ’ ಅಂತ ಹಾಕಿದೀನಿ, ಟೆಸ್ಟೂ ಅದರೊಳಗೆ ಒಂದು ವಿಧ ಆಗುತ್ತೆ ಅಂತ. ಆದ್ರೆ ‘ಅಂಕನ’ ಅಂದಾಗ ಮತ್ತೆ ಅಂಕವೇ, ಮಾರ್ಕ್ಸೇ ಕಣ್ಮುಂದೆ ಬರುತ್ತೆ ಅನ್ನೋ ಅನುಮಾನ ನಂಗೇ ಇದೆ. ಪಾಠ ಮಾಡೋರು ಯಾರಾದ್ರೂ ಇದ್ರೆ, ಸ್ಟಾಫ್ ರೂಮಲ್ಲಿ ಬಾಯಲ್ಲಿ ಇದನ್ನ ಏನಂತ ಕರೀತೀರಿ ಅಂತ ತಿಳಿಸ್ತೀರಾ?