ಒಂಟಿಯಾಗಿರುವ ದೊಡ್ಡಪ್ಪನನ್ನು ತಬ್ಬಿಕೊಂಡರೆ ಅವರಿಗೆ ನಿಜವಾಗಿ ಒಳ್ಳೆಯದಾಗುತ್ತಾ?

ಮೂಲೆಮನೆ

ಇದನ್ನು ಯಾರ ಹತ್ತಿರ ಕೇಳಬೇಕೋ ಗೊತ್ತಾಗದೆ ಇಲ್ಲಿ ಬರೆಯುತ್ತಿದ್ದೇನೆ. ನಗಬೇಡಿ.

ನನ್ನ ದೊಡ್ಡಪ್ಪನಿಗೆ 71. ದೊಡ್ಡಮ್ಮ ಹೋಗಿ ಎಂಟು ತಿಂಗಳಾಯಿತು. ಮಕ್ಕಳು ದೂರದಲ್ಲಿದ್ದಾರೆ, ಫೋನ್ ಮಾಡುತ್ತಾರೆ, ದುಡ್ಡಿಗೇನೂ ತೊಂದರೆ ಇಲ್ಲ. ನಾನು ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಹೋಗಿ ಬಲ್ಬ್ ಬದಲಿಸುವುದು, ಬ್ಯಾಂಕಿನ ಕಾಗದ ನೋಡುವುದು, ಇಂಥದ್ದೇನಾದರೂ ಮಾಡಿಕೊಟ್ಟು ಬರುತ್ತೇನೆ. ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ತಬ್ಬಿಕೊಳ್ಳುವುದಿಲ್ಲ. ಪ್ರೀತಿ ಇಲ್ಲ ಅಂತಲ್ಲ, ಮುಟ್ಟಿ ತೋರಿಸುವ ಅಭ್ಯಾಸ ಇಲ್ಲ ಅಷ್ಟೇ.

ಕಳೆದ ವಾರ ಹೊರಡುವಾಗ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವನು ಎದ್ದು ನೋಡಿದರೆ ದೊಡ್ಡಪ್ಪ ತೀರಾ ಹತ್ತಿರ ನಿಂತಿದ್ದರು. ಏನು ತೋಚಿತೋ, ಸುಮ್ನೆ ಅವರ ಹೆಗಲ ಮೇಲೆ ಕೈ ಹಾಕಿ ಹತ್ತಿರ ಎಳೆದುಕೊಂಡೆ. ಒಂದೆರಡು ಸೆಕೆಂಡ್ ಅಂದುಕೊಂಡಿದ್ದೆ. ಸಾಮಾನ್ಯವಾಗಿ ಇಂಥ ಹೊತ್ತಲ್ಲಿ ಒಬ್ಬರು ಇನ್ನೊಬ್ಬರ ಬೆನ್ನು ಎರಡು ಸಲ ತಟ್ಟುತ್ತಾರೆ, ಅಂದರೆ ಸಾಕು ಬಿಡು ಅಂತ. ಅವರು ತಟ್ಟಲೇ ಇಲ್ಲ. ನನ್ನ ಅಂಗಿಯನ್ನು ಹಿಂದಿನಿಂದ ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತುಬಿಟ್ಟರು. ಅವರ ಹೆಗಲ ಮೂಳೆ ನನ್ನ ಕೈಗೆ ಸಿಗುತ್ತಿತ್ತು, ಇಷ್ಟು ಸಣ್ಣಗಾಗಿದ್ದಾರೆ ಅಂತ ಬರೀ ನೋಡಿದಾಗ ಗೊತ್ತೇ ಆಗಿರಲಿಲ್ಲ. ಆಮೇಲೆ ಏನೂ ಆಗದವರ ಹಾಗೆ "ಗೇಟ್ ಹಾಕಿಕೊಂಡು ಹೋಗು" ಅಂದರು.

ಅವತ್ತಿನಿಂದ ತಲೆಯಲ್ಲಿ ಅದೇ ಓಡುತ್ತಿದೆ. ಇದರಿಂದ ಅವರಿಗೆ ಒಳ್ಳೆಯದಾಗುತ್ತಾ, ಅಥವಾ ನಾನು ಬಂದು ಹೋದ ಮೇಲೆ ಮನೆ ಇನ್ನೂ ಜಾಸ್ತಿ ಖಾಲಿ ಅನ್ನಿಸುತ್ತಾ? ದಿನಕ್ಕೆ ಇಷ್ಟು ಅಪ್ಪುಗೆ ಬೇಕೇ ಬೇಕು ಅಂತ ಫಾರ್ವರ್ಡ್ ಮೆಸೇಜ್ ಬರುತ್ತಿರುತ್ತದಲ್ಲ, ಅದರಲ್ಲಿ ಏನಾದರೂ ಹುರುಳಿದೆಯಾ? ಇನ್ನೊಂದು, ಮುಂದಿನ ಸಲ ಹೋದಾಗ ನಾನಾಗಿಯೇ ಮತ್ತೆ ತಬ್ಬಿಕೊಳ್ಳಲಾ? ಅವರಿಗೆ ಮುಜುಗರ ಆದರೆ?

ರಾತ್ರಿಪಾಳಿ

ನಗುವಂಥದ್ದೇನೂ ಇಲ್ಲ. ನಾನು ನರ್ಸ್, 16 ವರ್ಷದಿಂದ ವಯಸ್ಸಾದವರನ್ನೇ ನೋಡಿಕೊಳ್ಳುತ್ತಿದ್ದೇನೆ. ಬಿಪಿ ನೋಡಲು ತೋಳು ಹಿಡಿದರೆ ಆ ಕೈ ಬಿಡದೆ ಮಾತಿಗೆಳೆಯುವವರು ಎಷ್ಟು ಜನ. "ಇನ್ನೊಂದು ಸಲ ನೋಡಮ್ಮ, ಸರಿಯಾಗಿ ಬಂದಿರಲಿಕ್ಕಿಲ್ಲ" ಅನ್ನುತ್ತಾರೆ. ಸರಿಯಾಗಿಯೇ ಬಂದಿರುತ್ತದೆ. ನಾನು ಇನ್ನೊಂದು ಸಲ ನೋಡುತ್ತೇನೆ.

ಮೊದಲು ಆ ಫಾರ್ವರ್ಡ್ ಕಥೆ ಮುಗಿಸೋಣ. ಬದುಕಲು 4, ಹಾಗೇ ನಡೆದುಕೊಂಡು ಹೋಗಲು 8, ಬೆಳೆಯಲು 12 ಅಪ್ಪುಗೆ ಬೇಕು ಅನ್ನುವುದು ವರ್ಜೀನಿಯಾ ಸಟೀರ್ ಎಂಬ ಅಮೆರಿಕದ ಕುಟುಂಬ ಚಿಕಿತ್ಸಕಿಯ ಹೆಸರಲ್ಲಿ ಓಡಾಡುವ ಮಾತು. ಮಾತು ಚೆನ್ನಾಗಿದೆ, ಆದರೆ ಯಾರೂ ಅಳೆದು ನೋಡಿ ಕಂಡುಕೊಂಡ ಲೆಕ್ಕ ಅಲ್ಲ. ತಬ್ಬಿಕೊಂಡರೆ 20 ಸೆಕೆಂಡ್ ತಬ್ಬಿಕೊಳ್ಳಬೇಕು ಅಂತ ಇನ್ನೊಂದು ಫಾರ್ವರ್ಡ್ ಓಡಾಡುತ್ತದಲ್ಲ, ಅದಕ್ಕೆ ಮಾತ್ರ ಒಂದು ಬುಡ ಇದೆ. 2003ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದಲ್ಲಿ ಜೋಡಿಗಳು ಹತ್ತು ನಿಮಿಷ ಕೈ ಹಿಡಿದು ಕೂತು, ಆಮೇಲೆ 20 ಸೆಕೆಂಡ್ ತಬ್ಬಿಕೊಂಡು, ಅದಾದ ಮೇಲೆ ಭಾಷಣ ಮಾಡಬೇಕಿತ್ತು. ಒಬ್ಬೊಬ್ಬರೇ ಕೂತಿದ್ದವರಿಗಿಂತ ಇವರ ಬಿಪಿ, ಎದೆಬಡಿತ ಎರಡೂ ಕಡಿಮೆ ಏರಿದವು. ಅಂದರೆ 20 ಎಂಬುದು ಸಂಶೋಧಕರು ತಮ್ಮ ಅನುಕೂಲಕ್ಕೆ ಇಟ್ಟುಕೊಂಡ ಸಂಖ್ಯೆ. ಗಡಿಯಾರ ನೋಡಿಕೊಂಡು ತಬ್ಬಿಕೊಳ್ಳಬೇಡಿ ದಯವಿಟ್ಟು.

ಮೈಯಲ್ಲಿ ಏನಾಗುತ್ತದೆ ಅಂದರೆ, ಕೂದಲಿರುವ ಚರ್ಮದಲ್ಲಿ, ಅಂದರೆ ಮುಂಗೈ, ಬೆನ್ನು ಇಂಥ ಕಡೆ, ಸಿ-ಟ್ಯಾಕ್ಟೈಲ್ ಎಂಬ ಸಣ್ಣ ನರಗಳಿವೆ. ಏನು ತಾಗಿತು, ಎಲ್ಲಿ ತಾಗಿತು ಅಂತ ಥಟ್ಟನೆ ಹೇಳುವ ನರಗಳು ಬೇರೆ, ಇವು ಬೇರೆ. ಇವು ನಿಧಾನದವು. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಬೆಚ್ಚಗಿನ ಕೈಯಲ್ಲಿ ಮೆಲ್ಲಗೆ ಸವರಿದರೆ ಜಾಸ್ತಿ ಎಚ್ಚರಾಗುತ್ತವೆ. ಅಮ್ಮಂದಿರು ಮಗುವಿನ ಬೆನ್ನು ಸವರುವ ವೇಗ ಸುಮಾರಾಗಿ ಅದೇ, ಯಾರೂ ಹೇಳಿಕೊಟ್ಟಿರುವುದಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಡುವ ಕಾಂಗರೂ ಆರೈಕೆ ಗೊತ್ತಲ್ಲ, ಅದು 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೋಟದಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾದದ್ದು. ಈಗ ಇನ್‌ಕ್ಯುಬೇಟರ್ ಇರುವ ಕಡೆಯೂ ಮಾಡಿಸುತ್ತಾರೆ. ಮಗುವಿಗೆ ಬೇಕಾದದ್ದು 71 ಆದ ತಕ್ಷಣ ಬೇಡವಾಗುತ್ತಾ ಹೇಳಿ.

ಅಡ್ಡಪ್ರಶ್ನೆ

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಒಂಟಿತನ ಕೆಟ್ಟದ್ದು ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ. 2015ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ ಒಂಟಿತನ ಇರುವವರಿಗೆ ಬೇಗ ಸಾಯುವ ಸಾಧ್ಯತೆ 26 ಶೇಕಡಾ ಜಾಸ್ತಿ ಅಂತ ಕಂಡಿತ್ತು. ಆದರೆ ತಬ್ಬಿಕೊಂಡರೆ ಆರೋಗ್ಯ ಅನ್ನುವುದು ಉಲ್ಟಾ ಲೆಕ್ಕ ಇರಬಹುದಲ್ವಾ? ಚೆನ್ನಾಗಿರುವವರಿಗೆ, ಸುತ್ತ ಜನ ಇರುವವರಿಗೆ ಅಪ್ಪುಗೆ ಜಾಸ್ತಿ ಸಿಗುತ್ತದೆ. ಪ್ರೀತಿಯ ಹಾರ್ಮೋನು ಅಂತ ಕರೆಯುತ್ತಾರಲ್ಲ, ಆ ಆಕ್ಸಿಟೋಸಿನ್ ಹೆಸರನ್ನು ಎಲ್ಲದಕ್ಕೂ ಹೇಳುವುದು ಕೇಳಿ ಕೇಳಿ ಸಾಕಾಗಿದೆ.

ರಾತ್ರಿಪಾಳಿ

ಅದಕ್ಕೇ ನಾನು ಆ ಪದ ಬಳಸಿರಲಿಲ್ಲ :)

ನೀವು ಹೇಳುವುದು ಅರ್ಧ ಸರಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರ ಅಧ್ಯಯನ ಒಂದಿದೆ, 2015ರಲ್ಲಿ ಪ್ರಕಟವಾದದ್ದು. 404 ಆರೋಗ್ಯವಂತರಿಗೆ 14 ದಿನ ಸಂಜೆ ಫೋನ್ ಮಾಡಿ ಇವತ್ತು ಯಾರ ಜೊತೆಯಾದರೂ ಜಗಳ ಆಯಿತಾ, ಯಾರಾದರೂ ತಬ್ಬಿಕೊಂಡರಾ ಅಂತ ಕೇಳಿದರು. ಆಮೇಲೆ ಅಷ್ಟೂ ಜನರ ಮೂಗಿಗೆ ನೆಗಡಿ ವೈರಸ್ ಹಾಕಿದರು! ಜಗಳ ಜಾಸ್ತಿ ಇದ್ದಾಗ ಸೋಂಕು ತಗಲುವ ಸಾಧ್ಯತೆ ಏರುತ್ತದೆ, ಆದರೆ ಆಗಾಗ ಅಪ್ಪುಗೆ ಸಿಗುತ್ತಿದ್ದವರಲ್ಲಿ ಹಾಗೆ ಏರಲಿಲ್ಲ. ಇದರಿಂದ ಅಪ್ಪುಗೆಯೇ ಕಾರಣ ಅಂತ ಸಾಬೀತಾಗುವುದಿಲ್ಲ, ಒಪ್ಪುತ್ತೇನೆ. ಆದರೆ ಬೇಕೆಂದೇ ಮುಟ್ಟಿ ನೋಡಿದ ಪ್ರಯೋಗಗಳೂ ಇವೆಯಲ್ಲ. 2006ರಲ್ಲಿ 16 ಮದುವೆಯಾದ ಹೆಂಗಸರನ್ನು ಸ್ಕ್ಯಾನರ್ ಒಳಗೆ ಮಲಗಿಸಿ ಈಗ ಕರೆಂಟ್ ಶಾಕ್ ಬರಬಹುದು ಅಂತ ಹೆದರಿಸಿದರು. ಗಂಡ ಕೈ ಹಿಡಿದುಕೊಂಡಾಗ ಮಿದುಳಿನಲ್ಲಿ ಹೆದರಿಕೆಯ ಗದ್ದಲ ಕಡಿಮೆಯಾಯಿತು. ಗುರುತಿಲ್ಲದವರು ಹಿಡಿದರೂ ಸ್ವಲ್ಪ ಕಡಿಮೆಯಾಯಿತು. ದಾಂಪತ್ಯ ಚೆನ್ನಾಗಿದ್ದವರಿಗೆ ಎಲ್ಲಕ್ಕಿಂತ ಜಾಸ್ತಿ.

2024ರಲ್ಲಿ 200ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸ್ಪರ್ಶದಿಂದ ನೋವು, ಆತಂಕ, ಖಿನ್ನತೆ ತಗ್ಗುತ್ತದೆ ಅಂತ ಬಂತು. ಮೂಲೆಮನೆಯವರಿಗೆ ಬೇಕಾದ ವಿಷಯ ಇದರಲ್ಲೇ ಇದೆ. ಎಷ್ಟು ಹೊತ್ತು ಮುಟ್ಟಿದರು ಅನ್ನುವುದಕ್ಕಿಂತ ಎಷ್ಟು ಸಲ ಅನ್ನುವುದು ಮುಖ್ಯ. ಮೆತ್ತನೆಯ ಗೊಂಬೆ, ರೋಬೋಟ್ ತಬ್ಬಿಕೊಂಡರೂ ಮೈಗೆ ಉಪಯೋಗ ಇದೆಯಂತೆ, ಆದರೆ ಮನಸ್ಸಿಗೆ ಮನುಷ್ಯರೇ ಆಗಬೇಕು.

ಒಂಟಿಸಲಗ

ಎಲ್ಲ ಓದಿದೆ. ನಾನು ಆ ದೊಡ್ಡಪ್ಪನ ಕಡೆಯವನು. ವಯಸ್ಸು 66, ಆರು ವರ್ಷದಿಂದ ಒಬ್ಬನೇ.

ಒಂದು ವಿಷಯ ಹೇಳುತ್ತೇನೆ, ಇದುವರೆಗೆ ಯಾರಿಗೂ ಹೇಳಿಲ್ಲ. ನನ್ನ ತಲೆಯಲ್ಲಿ ಈಗ ಇರುವ ಕೂದಲಿಗೆ ಎರಡು ತಿಂಗಳಿಗೊಮ್ಮೆ ಕತ್ತರಿ ಹಾಕಿಸಿದರೆ ಧಾರಾಳವಾಯಿತು. ನಾನು ಹದಿನೈದು ದಿನಕ್ಕೊಮ್ಮೆ ಹೋಗುತ್ತೇನೆ. ಕತ್ತರಿಸಿ ಆದ ಮೇಲೆ ಆ ಹುಡುಗ ಎರಡೂ ಕೈಯಲ್ಲಿ ತಲೆ ಹಿಡಿದು, ಕತ್ತಿನ ಹಿಂದೆ ಹೆಬ್ಬೆರಳಿನಿಂದ ಒತ್ತುತ್ತಾನೆ. ಎರಡು ನಿಮಿಷ ಇರಬಹುದು. ಕಣ್ಣು ಮುಚ್ಚಿಕೊಂಡು ಕೂತಿರುತ್ತೇನೆ. ಹೆಂಡತಿ ಹೋದ ಮೇಲೆ ಮೊದಲ ಸಲ ಹೋದಾಗ ಕಣ್ಣಲ್ಲಿ ನೀರು ಬಂತು, ಕೂದಲು ಕಣ್ಣಿಗೆ ಹೋಯಿತು ಅಂದೆ.

ಹಾಗಂತ ಸಿಕ್ಕವರೆಲ್ಲ ಬಂದು ತಬ್ಬಿಕೊಳ್ಳಲಿ ಅಂತ ನನಗಿಲ್ಲ. ಮೊದಲ ಎರಡು ತಿಂಗಳು ಎಲ್ಲರೂ ತಬ್ಬಿಕೊಂಡರು. ತಲೆ ಒಂದು ಕಡೆ ವಾಲಿಸಿ, "ಪಾಪ" ಅನ್ನುವ ಮುಖ ಮಾಡಿಕೊಂಡು, ಬೆನ್ನು ತಟ್ಟಿ. ಅದು ನನಗೆ ಮಾಡಿದ್ದಲ್ಲ, ತಮ್ಮ ಸಮಾಧಾನಕ್ಕೆ ಮಾಡಿಕೊಂಡದ್ದು. ಮೂರನೇ ತಿಂಗಳಿಗೆ ಒಬ್ಬರೂ ಇಲ್ಲ. ಆದ್ದರಿಂದ ಮೂಲೆಮನೆಯವರೇ, ತಬ್ಬಿಕೊಳ್ಳುವುದಾದರೆ ಮುಂದಿನ ವರ್ಷವೂ ಬಂದು ತಬ್ಬಿಕೊಳ್ಳುವ ಅಂದಾಜಿದ್ದರೆ ಶುರುಮಾಡಿ.

ನಮ್ಮಂಥವರಿಗೆ ತೆಗೆದುಕೊಂಡು ತೆಗೆದುಕೊಂಡು ಬೇಜಾರಾಗಿರುತ್ತದೆ. ಎಲ್ಲರೂ ಸಹಾಯ ಮಾಡಲು ಬರುತ್ತಾರೆ, ನಮ್ಮಿಂದ ಏನಾದರೂ ಬೇಕು ಅಂತ ಬರುವವರು ಯಾರೂ ಇಲ್ಲ. ಪಕ್ಕದ ಮನೆಯ ಮಗು ಕನ್ನಡ ಮಗ್ಗಿ ಹೇಳಿಸಿಕೊಳ್ಳಲು ಬರುತ್ತದೆ. ಹೇಳುತ್ತಾ ಹೇಳುತ್ತಾ ನನ್ನ ತೋಳಿಗೆ ಒರಗಿಕೊಳ್ಳುತ್ತದೆ, ತನಗೆ ಅದರ ಪರಿವೆಯೇ ಇಲ್ಲ. ಹದಿಮೂರರ ಮಗ್ಗಿಯನ್ನು ನಾಲ್ಕು ದಿನದಿಂದ ಹೇಳಿಸುತ್ತಿದ್ದೇನೆ, ನನಗೇನೂ ಅವಸರ ಇಲ್ಲ. ನಿಮ್ಮ ದೊಡ್ಡಪ್ಪನ ಹತ್ತಿರ ನಿಮಗೆ ಏನು ಬೇಕು ಯೋಚಿಸಿ. ಏನಾದರೂ ಕೇಳಿ.

ಮೆಲುದನಿ

ಒಂದೇ ಮಾತು. ನನಗೂ ಒಂಟಿತನ ಇದೆ, ಆದರೆ ನನ್ನನ್ನು ಯಾರಾದರೂ ಹಠಾತ್ತನೆ ಮುಟ್ಟಿದರೆ ಮೈ ಮರಗಟ್ಟುತ್ತದೆ, ಕಾರಣ ಇಲ್ಲಿ ಬೇಡ. ಒಂಟಿಯಾಗಿರುವವರೆಲ್ಲ ಅಪ್ಪುಗೆಗೆ ಕಾದಿರುತ್ತಾರೆ ಅಂದುಕೊಳ್ಳಬೇಡಿ. ಕೇಳಿ. ಬಾಯಲ್ಲಿ ಕೇಳಲು ನಾಚಿಕೆ ಆದರೆ ಕೈ ಚಾಚಿ ಅರ್ಧದಲ್ಲಿ ನಿಲ್ಲಿಸಿ, ಉಳಿದ ಅರ್ಧ ಅವರು ಬರುತ್ತಾರಾ ನೋಡಿ. ಬರದಿದ್ದರೆ ಪಕ್ಕದಲ್ಲಿ ಕೂತರೂ ಸಾಕು. ನನ್ನ ಗೆಳತಿ ಹಾಗೆ ಕೂರುತ್ತಾಳೆ, ಒಂದು ಗೇಣು ಜಾಗ ಬಿಟ್ಟು. ಆ ಒಂದು ಗೇಣು ಇರುವುದರಿಂದಲೇ ನಾನು ಎದ್ದು ಹೋಗದೆ ಕೂತಿರುತ್ತೇನೆ.

ಮೂಲೆಮನೆ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಹೋಗಿದ್ದೆ, ಅದಕ್ಕೇ ಉತ್ತರ ತಡವಾಯಿತು.

ಬಾಗಿಲಲ್ಲಿ ಮೆಲುದನಿಯವರು ಹೇಳಿದ ಹಾಗೆ ಅರ್ಧ ಕೈ ಚಾಚಿದೆ. ದೊಡ್ಡಪ್ಪ ಆ ಕೈ ನೋಡಿ, ನಾನು ಏನೋ ಕೊಡುತ್ತಿದ್ದೇನೆ ಅಂದುಕೊಂಡು "ಏನದು" ಅಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಏನಿಲ್ಲ ಅಂತ ಒಳಗೆ ಹೋದೆ. ಒಂಟಿಸಲಗ ಅವರ ಮಾತು ನೆನಪಾಗಿ, ನನ್ನ ಬಾಡಿಗೆ ಕರಾರಿನ ಕಾಗದ ಇತ್ತು, ಸ್ವಲ್ಪ ಓದಿ ಹೇಳಿ ಅಂದೆ. ಕನ್ನಡಕ ಹುಡುಕಿದರು, ಪೆನ್ಸಿಲ್ ತಂದರು, ಒಂದು ಗಂಟೆ ಸಾಲು ಸಾಲಾಗಿ ಓದಿ ಎರಡು ಕಡೆ ಗೀಟು ಹಾಕಿ ಬೈದರು. ಇಷ್ಟು ಮಾತಾಡಿದ್ದು ಎಂಟು ತಿಂಗಳಲ್ಲಿ ಇದೇ ಮೊದಲು.

ಬರೆಯುವಾಗ ಬಲಗೈ ಎತ್ತಲು ಕಷ್ಟಪಡುತ್ತಿದ್ದರು. ಕೇಳಿದರೆ ಹೆಗಲ ಹಿಂದೆ ಹಳೆಯ ನೋವು, ಮುಲಾಮು ಹಚ್ಚಿದರೆ ಹೋಗುತ್ತದೆ ಅಂದರು. ಮತ್ತೆ ಯಾಕೆ ಹಚ್ಚಿಲ್ಲ ಅಂದೆ. ಸುಮ್ಮನಾದರು. ಆಮೇಲೆ "ಅಲ್ಲಿಗೆ ನನ್ನ ಕೈ ಎಟಕುವುದಿಲ್ಲ" ಅಂದರು. ಅಷ್ಟು ದಿನ ಅದನ್ನು ಹಚ್ಚುತ್ತಿದ್ದದ್ದು ಯಾರು ಅಂತ ಇಬ್ಬರೂ ಹೇಳಲಿಲ್ಲ. ಟ್ಯೂಬ್ ಕಪಾಟಿನಲ್ಲೇ ಇತ್ತು, ದೊಡ್ಡಮ್ಮ ಕೊನೆಯಿಂದ ಮಡಚಿಟ್ಟ ಹಾಗೆಯೇ ಇತ್ತು.

ಅಂಗಿ ತೆಗೆದು ಕುರ್ಚಿಯಲ್ಲಿ ತಿರುಗಿ ಕೂತರು. ರಾತ್ರಿಪಾಳಿಯವರ ಸೆಂಟಿಮೀಟರ್ ಲೆಕ್ಕ ತಲೆಯಲ್ಲಿತ್ತು, ಮೊದಲು ನಗು ಬರುತ್ತಿತ್ತು, ಆಮೇಲೆ ಲೆಕ್ಕ ಮರೆತುಹೋಯಿತು. ನಿಧಾನಕ್ಕೆ ಹಚ್ಚಿದೆ. ಹತ್ತು ನಿಮಿಷ ಇರಬಹುದು. ಅರ್ಧದಲ್ಲಿ ಅವರ ಹೆಗಲು ಕೆಳಗಿಳಿದದ್ದು ಕೈಗೆ ಗೊತ್ತಾಯಿತು. ದೊಡ್ಡಮ್ಮನ ವಿಷಯ ಅವರಾಗಿಯೇ ಶುರುಮಾಡಿದರು, ಗೋಡೆ ಕಡೆ ಮುಖ ಮಾಡಿಕೊಂಡೇ.

ಹೊರಡುವಾಗ ತಬ್ಬಿಕೊಳ್ಳಲಿಲ್ಲ, ಇಬ್ಬರಿಗೂ ನೆನಪಾಗಲಿಲ್ಲ. ಗೇಟ್ ಹತ್ತಿರ ಬಂದಾಗ ಹಿಂದಿನಿಂದ ಕೂಗಿ ನಾಳಿದ್ದು ಬರುತ್ತೀಯಾ ಅಂತ ಕೇಳಿದರು, ಬರುವಾಗ ಇನ್ನೊಂದು ಟ್ಯೂಬ್ ತಾ, ಇದು ಮುಗಿದೇ ಹೋಯಿತು ಅಂದರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಇತ್ತು.