ಮುನಿದ ಅಕ್ಕ-ತಂಗಿ ಒಂದಾಗುವ ಅಧ್ಯಾಯ ಬರೆಯುವುದು ಹೇಗೆ?

ಪ್ರಶ್ನೆ

ನಾನು ಒಂದು ಕಿರು ಕಾದಂಬರಿ ಬರೆಯುತ್ತಿದ್ದೇನೆ. ಕ್ರೈಸ್ತ ಮನೆಯ ಅಕ್ಕ-ತಂಗಿಯ ಕಥೆ. ಅಪ್ಪ ತೀರಿಕೊಂಡ ಮೇಲೆ ಮನೆಯ ಪಾಲಿಗೆ ಜಗಳವಾಗಿ ಹತ್ತು ವರ್ಷ ಮಾತು ಬಿಟ್ಟಿದ್ದಾರೆ. ಕೊನೆಗೆ ಅಮ್ಮ ಆಸ್ಪತ್ರೆ ಸೇರುತ್ತಾರೆ. ಅಕ್ಕ ಪ್ರಾರ್ಥನೆ ಮಾಡುತ್ತಾಳೆ, ಮನಸ್ಸು ಕರಗುತ್ತದೆ, ತಂಗಿಯನ್ನು ಅಪ್ಪಿಕೊಳ್ಳುತ್ತಾಳೆ. ಓದಿದ ಗೆಳತಿಯರೆಲ್ಲ "ಚೆನ್ನಾಗಿದೆ, ಆದರೆ ನಂಬೋಕೆ ಆಗಲಿಲ್ಲ" ಅಂದರು. ಇಂಥ ಕಥೆ ಬರೆದವರು, ಇಂಥದ್ದನ್ನು ಬದುಕಿದವರು ಇದ್ದರೆ ಹೇಳಿ. ನಾನು ಎಲ್ಲಿ ತಪ್ಪಿದೆ?

ಧಾರವಾಡದಿಂದ ಒಬ್ಬರು

ತಂಗಿ, ನಾನು ಎರಡೂ ಮಾಡಿದವಳು. ನಮ್ಮ ಚರ್ಚಿನ ಪತ್ರಿಕೆಗೆ ಇಂಥ ಕಥೆ ಬರೆದಿದ್ದೇನೆ. ಸ್ವಂತ ತಂಗಿಯ ಜೊತೆ ಒಂಬತ್ತು ವರ್ಷ ಮಾತನ್ನೂ ಬಿಟ್ಟಿದ್ದೆ. ನೀವು ಎರಡು ಕೆಲಸವನ್ನು ಒಂದೇ ಪುಟದಲ್ಲಿ ಮುಗಿಸಿದ್ದೀರಿ ಅನ್ನಿಸುತ್ತದೆ. ಕ್ಷಮಿಸುವುದು ಬೇರೆ, ಒಂದಾಗುವುದು ಬೇರೆ. ಕ್ಷಮಿಸಲು ಒಬ್ಬಳೇ ಮೊಣಕಾಲೂರಿದರೆ ಸಾಕು. ಒಂದಾಗಲು ಇನ್ನೊಬ್ಬಳೂ ಬರಬೇಕು, ಅಲ್ವಾ?

ಆರನೇ ವರ್ಷ, ಒಂದು ಉಪವಾಸ ಪ್ರಾರ್ಥನೆಯ ರಾತ್ರಿ, ನಾನು ಅವಳನ್ನು ಕ್ಷಮಿಸಿದೆ. ನಿಜವಾಗಿಯೂ ಎದೆ ಹಗುರವಾಯಿತು. ಬೆಳಿಗ್ಗೆ ಎದ್ದು ಫೋನ್ ಮಾಡಿದೆನಾ? ಇಲ್ಲ. ಇನ್ನೂ ಮೂರು ವರ್ಷ ಹೋಯಿತು. ಕ್ಷಮಿಸಿದವಳು ನಾನು, ಇನ್ನು ಅವಳೇ ಬರಲಿ ಅಂತ ಕಾದೆ. ಆ ಕಾಯುವಿಕೆಯಲ್ಲಿ ಎಷ್ಟು ಸೊಕ್ಕಿತ್ತು ಅಂತ ಆಗ ಗೊತ್ತಾಗಲಿಲ್ಲ.

ಆಮೇಲೆ ಒಂದು ವಿಷಯ ನೆನಪಾಗತೊಡಗಿತು. ಅಪ್ಪನಿಗೆ ಕೊನೆಯ ಜ್ವರ ಬಂದಾಗ ಅವಳಿಗೆ ತಿಳಿಸುವುದನ್ನು ನಾನು ಒಂದು ದಿನ ತಡ ಮಾಡಿದ್ದೆ. ಸುಮ್ನೆ ಯಾಕೆ ಗಾಬರಿ ಮಾಡೋದು ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಅವಳು ಬಸ್ ಇಳಿಯುವಷ್ಟರಲ್ಲಿ ಅಪ್ಪ ಇರಲಿಲ್ಲ. ಅವಳು ಪಾಲು ಕೇಳಿದ್ದನ್ನು ವರ್ಷಗಟ್ಟಲೆ ಎಣಿಸಿದ ನಾನು ಈ ಒಂದು ದಿನವನ್ನು ಎಣಿಸಿರಲೇ ಇಲ್ಲ. ಕೊನೆಗೆ ಕಾಗದ ಬರೆದಾಗ "ನಿನ್ನನ್ನು ಕ್ಷಮಿಸಿದ್ದೇನೆ" ಎಂದು ಬರೆಯಲಿಲ್ಲ. "ಆ ದಿನ ತಡ ಮಾಡಿದ್ದು ನನ್ನ ತಪ್ಪು" ಎಂದಷ್ಟೇ ಬರೆದೆ. ಇಪ್ಪತ್ತು ದಿನ ಬಿಟ್ಟು ಫೋನ್ ಬಂತು. ಅವಳು ಮೊದಲು ಕೇಳಿದ್ದು, "ನಿನ್ನ ಬಿಪಿ ಹೆಂಗಿದೆ?"

1868ರ ಲಿಟಲ್ ವಿಮೆನ್ ಕಾದಂಬರಿಯಲ್ಲೂ ಇದೇ ತಿರುವು ಇದೆ. ಜೋ ಬರೆದ ಕಥೆಗಳ ಹಸ್ತಪ್ರತಿಯನ್ನು ತಂಗಿ ಏಮಿ ಸುಟ್ಟುಹಾಕುತ್ತಾಳೆ. ಸೂರ್ಯ ಮುಳುಗುವ ತನಕ ಕೋಪ ಇಟ್ಟುಕೊಳ್ಳಬೇಡ ಎಂಬ, ಬೈಬಲ್‌ನ ಎಫೆಸದವರಿಗೆ ಬರೆದ ಪತ್ರದ ಮಾತನ್ನು ತಾಯಿ ಹೇಳಿದರೂ ಜೋ ಕ್ಷಮಿಸುವುದಿಲ್ಲ. ಮರುದಿನ ನದಿಯ ಮೇಲೆ ಏಮಿ ಮಂಜುಗಡ್ಡೆ ಒಡೆದು ನೀರಿಗೆ ಬೀಳುತ್ತಾಳೆ. ನಡುವೆ ಮಂಜು ತೆಳ್ಳಗಿದೆ ಅಂತ ಜೋಗೆ ಗೊತ್ತಿತ್ತು. ಆದರೂ ತಂಗಿಗೆ ಹೇಳಿರಲಿಲ್ಲ. ಅಪಘಾತದಿಂದ ಮನಸ್ಸು ಕರಗಿತು ಅಂತ ಓದಿದರೆ ಅದು ಸಾಮಾನ್ಯ ಕಥೆ. ನೊಂದವಳಿಗೂ ತನ್ನ ತಪ್ಪು ಕಾಣುವುದೇ ಅಲ್ಲಿನ ಜೀವ. ನಿಮ್ಮ ಅಕ್ಕನ ಕೈಯಲ್ಲೂ ಅಂಥದ್ದೇನಾದರೂ ಇದೆಯಾ, ಹುಡುಕಿ. ಅದು ಸಿಕ್ಕರೆ ಅಮ್ಮನನ್ನು ಆಸ್ಪತ್ರೆಗೆ ಸೇರಿಸುವ ಅಗತ್ಯವೇ ಬೀಳಲಿಕ್ಕಿಲ್ಲ.

ಪಾಲಿನ ಜಗಳವನ್ನೂ ಸ್ವಲ್ಪ ಗಟ್ಟಿ ಮಾಡಿ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಅಪ್ಪ ಉಯಿಲು ಬರೆಯದೆ ತೀರಿಕೊಂಡರೆ ಅಮ್ಮನಿಗೆ ಮೂರರಲ್ಲಿ ಒಂದು ಪಾಲು, ಉಳಿದ ಎರಡು ಪಾಲು ಮಕ್ಕಳಿಗೆ ಸಮ. ಹಾಗಿದ್ದರೆ ತಂಗಿ ಕೇಳಿದ್ದು ಅವಳ ಹಕ್ಕು. ಅಪ್ಪ-ಅಮ್ಮನನ್ನು ನೋಡಿಕೊಂಡವಳು ಅಕ್ಕ. ಇಬ್ಬರೂ ಸರಿಯಾದಾಗಲೇ ಕ್ಷಮೆ ಕಷ್ಟ.

ಇನ್ನೊಂದು. ಅಪ್ಪಿಕೊಂಡ ಮೇಲೆ ಕಥೆ ನಿಲ್ಲಿಸಬೇಡಿ. ಬೈಬಲ್‌ನ ಆದಿಕಾಂಡ 33 ಓದಿ. ಅಣ್ಣ ಏಸಾವ ಓಡಿಬಂದು, ಹಿಂದೆ ತನಗೆ ಮೋಸ ಮಾಡಿದ್ದ ತಮ್ಮ ಯಾಕೋಬನನ್ನು ಅಪ್ಪಿಕೊಂಡು ಅಳುತ್ತಾನೆ. ಅಷ್ಟಾದರೂ ಯಾಕೋಬನಿಗೆ ಭಯ ಹೋಗಿಲ್ಲ. ನೀನು ಮುಂದೆ ನಡೆ, ನಾನು ಮೆಲ್ಲಗೆ ನಿನ್ನ ಊರು ಸೇಯೀರಿಗೆ ಬರುತ್ತೇನೆ ಅನ್ನುತ್ತಾನೆ, ಆದರೆ ಸುಕ್ಕೋತಿಗೆ ಹೋಗುತ್ತಾನೆ. ಆಮೇಲೆ ಅವರಿಬ್ಬರೂ ಸೇರಿ ಕಾಣಿಸುವುದು ಅಪ್ಪ ಇಸಾಕನನ್ನು ಮಣ್ಣು ಮಾಡುವಾಗ. ತಮ್ಮನನ್ನು ಮಾರಿಬಿಟ್ಟಿದ್ದ ಯೋಸೇಫನ ಅಣ್ಣಂದಿರೂ ಹಾಗೇ. ಕ್ಷಮೆ ಸಿಕ್ಕಿ 17 ವರ್ಷ ಅವನ ಆಶ್ರಯದಲ್ಲಿ ಬದುಕಿದರು. ಅಪ್ಪ ಸತ್ತ ಕೂಡಲೇ "ಈಗ ಸೇಡು ತೀರಿಸಿಕೊಂಡರೆ?" ಅಂತ ಹೆದರಿದರು. ಅದನ್ನು ಕೇಳಿ ಯೋಸೇಫ ಅತ್ತ. ಆ ಅಳು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ತಂಗಿ ಈಗಲೂ ಮನೆಗೆ ಬಂದರೆ ನೀರು ಕುಡಿಯಲೂ ನನ್ನನ್ನು ಕೇಳುತ್ತಾಳೆ. ಅದು ಅವಳು ಹುಟ್ಟಿದ ಮನೆ.

ಮಂಗಳೂರಿನಿಂದ ಒಬ್ಬರು

ನಾನು ಕಥೆಗಾರ್ತಿಯಲ್ಲ, ಬದುಕಿದ್ದು ಮಾತ್ರ ಹೇಳುತ್ತೇನೆ. ನಾವು ಕಥೋಲಿಕರು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆ ಮನೆಗೆ ತರುತ್ತೇವೆ. ಆ ಕಾಳನ್ನು ಪುಡಿ ಮಾಡಿ ಹಾಲಿನಲ್ಲೋ ಪಾಯಸದಲ್ಲೋ ಸೇರಿಸಿ ಎಲ್ಲರೂ ಒಟ್ಟಿಗೆ ಕೂತು ತಿನ್ನುತ್ತೇವೆ. ದೂರ ಇರುವವರಿಗೆ ಅಂಚೆಯಲ್ಲಿ ಕಳಿಸುವುದೂ ಉಂಟು. ದುಬೈಯಲ್ಲಿದ್ದ ನನ್ನಕ್ಕ ನನ್ನ ಮದುವೆಯ ವಿಷಯಕ್ಕೆ ಮುನಿಸಿಕೊಂಡು ಐದು ವರ್ಷವಾಗಿತ್ತು. ಪ್ರತಿ ವರ್ಷ ಅವಳಿಗೆ ಲಕೋಟೆ ಕಳಿಸುತ್ತಿದ್ದದ್ದು ಅಮ್ಮ. ಅಮ್ಮನ ಕೈ ನಡುಗತೊಡಗಿದ ವರ್ಷ ವಿಳಾಸ ಬರೆಯಲು ನನಗೆ ಕೊಟ್ಟರು. ಬರೆದೆ. ಒಂದು ಸಾಲು ಪತ್ರವನ್ನೂ ಇಡಲಿಲ್ಲ. ಅಕ್ಕ ನನ್ನ ಅಕ್ಷರ ಗುರುತಿಸಿದಳು. "ತೆನೆ ಬಂತು" ಅಂತ ನನಗೇ ಮೆಸೇಜ್ ಮಾಡಿದಳು. ನಮ್ಮಲ್ಲಿ ಕ್ಷಮೆ ಎಂಬ ಪದವನ್ನು ಇವತ್ತಿನವರೆಗೂ ಯಾರೂ ಆಡಿಲ್ಲ. ನಿಮ್ಮ ಪಾತ್ರಗಳೂ ಆಡಬೇಕಾಗಿಲ್ಲ.

ಒಬ್ಬ ಸಭಾಪಾಲಕರು

ಬರೆಯುವವರಿಗೆ ಉಪಯೋಗವಾಗುವ ಒಂದು ದೃಶ್ಯ ಹೇಳುತ್ತೇನೆ. ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಆರಾಧನೆಯಲ್ಲಿ, ರೊಟ್ಟಿ-ದ್ರಾಕ್ಷಾರಸ ಹಂಚುವ ಪ್ರಭು ಭೋಜನದ ದಿನ ಸಮಾಧಾನವನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿಯಿದೆ. 1950ರ ಆರಾಧನಾ ಕ್ರಮದಿಂದ ಬಂದದ್ದು. ಒಬ್ಬರ ಎರಡೂ ಕೈ ಇನ್ನೊಬ್ಬರ ಎರಡೂ ಕೈಯನ್ನು ಹಿಡಿಯುತ್ತವೆ. ಮಾತು ಬಿಟ್ಟ ಅಕ್ಕ-ತಂಗಿ ಆ ದಿನ ಎಲ್ಲಿ ಕೂರುತ್ತಾರೆ ಗೊತ್ತಾ? ಆ ಕೈ ತಮ್ಮ ತನಕ ಬರದ ಹಾಗೆ, ನಡುವೆ ನಾಲ್ಕು ಬೆಂಚು ಬಿಟ್ಟು. ಹತ್ತಿರ ಕೂರಿ ಅಂತ ನಾನು ಒತ್ತಾಯ ಮಾಡುವುದಿಲ್ಲ. ಬಲವಂತವಾಗಿ ಹಿಡಿಸಿದ ಕೈ ಹೊರಗೆ ಹೋದ ಕೂಡಲೇ ಬಿಟ್ಟುಹೋಗುತ್ತದೆ. ಆ ನಾಲ್ಕು ಬೆಂಚು ಮೂರಾದರೆ ನನ್ನ ಮನಸ್ಸಿನಲ್ಲೇ ದೇವರಿಗೆ ಸ್ತೋತ್ರ ಹೇಳುತ್ತೇನೆ.

ಧಾರವಾಡದ ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಬೈಬಲ್‌ನ ಲೂಕ 15ರಲ್ಲಿ ಯೇಸು ಹೇಳಿದ ಒಂದು ಕಥೆಯಿದೆ. ಆಸ್ತಿ ಹಾಳುಮಾಡಿ ಮನೆಗೆ ಮರಳಿದ ತಮ್ಮನಿಗೆ ಅಪ್ಪ ಔತಣ ಮಾಡಿಸಿದಾಗ ಹಿರಿಮಗ ಮುನಿದು ಹೊರಗೇ ನಿಲ್ಲುತ್ತಾನೆ, ಅಪ್ಪನ ಹತ್ತಿರ "ಈ ನಿನ್ನ ಮಗ" ಅನ್ನುತ್ತಾನೆ. ತಮ್ಮ ಅನ್ನುವುದೇ ಇಲ್ಲ. ಅಪ್ಪ ಅದನ್ನು ತಿದ್ದಿ "ಈ ನಿನ್ನ ತಮ್ಮ" ಅನ್ನುತ್ತಾರೆ. ಅವನು ಒಳಗೆ ಬಂದನೋ ಇಲ್ಲವೋ ಯೇಸು ಹೇಳಲಿಲ್ಲ. ನಿಮ್ಮ ಕಥೆಯ ಅಕ್ಕ ಹತ್ತು ವರ್ಷ ತಂಗಿಯನ್ನು ಏನೆಂದು ಕರೆದಳು?

ಪ್ರಶ್ನೆ ಕೇಳಿದವರು

ಈಗಷ್ಟೇ ಹಸ್ತಪ್ರತಿ ತೆಗೆದು ನೋಡಿದೆ. ನನಗೇ ಗೊತ್ತಿಲ್ಲದೆ ಅಕ್ಕನ ಬಾಯಲ್ಲಿ ಎಲ್ಲ ಕಡೆ "ಅವಳು", "ನಿನ್ನ ಮಗಳು" ಅಂತಲೇ ಬರೆದಿದ್ದೇನೆ. ಆಸ್ಪತ್ರೆ ತೆಗೆದೆ. ಅಪ್ಪುಗೆಯನ್ನೂ ತೆಗೆದೆ. ಈಗ ಕೊನೆಯಲ್ಲಿ ತಂಗಿ ಹಳೆ ಮನೆಗೆ ಬಂದಿದ್ದಾಳೆ, ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾಳೆ. ಅಕ್ಕ ಅಡುಗೆಮನೆಯಿಂದ ಹೊರಗೆ ಬಂದಿಲ್ಲ. ಒಳಗಿಂದಲೇ ಕೇಳುತ್ತಾಳೆ, "ಅಮ್ಮಾ, ತಂಗಿ ಊಟ ಮಾಡಿದ್ಲಾ?"