ಸಹಾಯ ಬೇಕು: ಸ್ವಿಚ್ 2 ತರಿಸಲಾ, ಸ್ಟೀಮ್ ಡೆಕ್ ತರಿಸಲಾ?

ಎಲ್ಲರಿಗೂ ನಮಸ್ಕಾರ. ಭಾವ ಮುಂದಿನ ತಿಂಗಳು ಅಮೆರಿಕದಿಂದ ಮೈಸೂರಿಗೆ ಬರುತ್ತಿದ್ದಾರೆ. ಮಕ್ಕಳಿಗೆ ಒಂದು ಗೇಮ್ ಕನ್ಸೋಲ್ ತರುತ್ತೇನೆ ಅಂದಿದ್ದಾರೆ. ಅಂದಿನಿಂದ ಮನೆಯಲ್ಲಿ ಎರಡು ಪಕ್ಷ!

ಮಗಳಿಗೆ ನಿಂಟೆಂಡೊ ಸ್ವಿಚ್ 2 ಬೇಕು. 2025ರ ಜೂನ್ 5ಕ್ಕೆ ಬಂದು ನಾಲ್ಕೇ ದಿನದಲ್ಲಿ 35 ಲಕ್ಷಕ್ಕೂ ಜಾಸ್ತಿ ಮಾರಾಟವಾಯಿತು ಅನ್ನುವುದು ಅವಳ ವಾದ. ಮಾರಿಯೊ ಕಾರ್ಟ್ ವರ್ಲ್ಡ್ ಅನ್ನುವ ರೇಸಿಂಗ್ ಗೇಮ್ ಅದರಲ್ಲಿ ಮಾತ್ರ ಇರುವುದೂ ನಿಜ. ಮಗ ಸ್ಟೀಮ್ ಡೆಕ್ ಓಎಲ್‌ಇಡಿ ಕಡೆ. ಅದು ಕೈಯಲ್ಲಿ ಹಿಡಿದು ಕಂಪ್ಯೂಟರ್ ಗೇಮ್ ಆಡುವ ಸಾಧನ. ಸ್ಟೀಮ್ ಅನ್ನುವ ಆನ್‌ಲೈನ್ ಅಂಗಡಿಯಿಂದ ಕಂಪ್ಯೂಟರಿಗೆ ಈಗಾಗಲೇ ಕೊಂಡ ಗೇಮ್‌ಗಳಲ್ಲಿ ಬಹಳಷ್ಟು ಅದರಲ್ಲೂ ಓಡುತ್ತವೆ, ಮತ್ತೆ ದುಡ್ಡು ಕೊಡಬೇಕಿಲ್ಲ. ನನಗೆ ಈ ಮಾತೇ ಜಾಸ್ತಿ ತೂಕದ್ದು ಅನ್ನಿಸುತ್ತದೆ. ಆದರೆ ಟಿವಿಗೆ ಹಾಕಿ, ಒಂದೊಂದು ಜಾಯ್-ಕಾನ್ (ಸ್ವಿಚ್‌ನ ಪುಟ್ಟ ಕಂಟ್ರೋಲರ್) ಹಿಡಿದು ಇಬ್ಬರೂ ಒಟ್ಟಿಗೆ ಆಡುವ ಸುಖ ಸ್ವಿಚ್‌ನದು, ಅಲ್ವಾ? ಅದಕ್ಕೇ ತೀರ್ಮಾನ ಆಗುತ್ತಿಲ್ಲ.

ಈ ಎರಡನ್ನೂ ಕಂಪನಿಗಳು ಭಾರತದಲ್ಲಿ ನೇರವಾಗಿ ಮಾರುವುದಿಲ್ಲ. ಹಾಗಾಗಿ ರಿಪೇರಿಯದೇ ನನ್ನ ದೊಡ್ಡ ಚಿಂತೆ. ಹೊರಗಿನಿಂದ ತರಿಸಿದವರು ದಯವಿಟ್ಟು ಹೇಳಿ: ಸ್ಟಿಕ್ಕೋ ಬ್ಯಾಟರಿಯೋ ಕೆಟ್ಟಾಗ ಮೈಸೂರು, ಬೆಂಗಳೂರಲ್ಲಿ ಎಲ್ಲಿ ಸರಿ ಮಾಡಿಸಿದಿರಿ? ಸ್ವಿಚ್ 2ರ ಗೇಮ್ ಇಡಲು ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಮೆಮೊರಿ ಕಾರ್ಡೇ ಬೇಕು, ಹಳೇ ಮಾದರಿಯ ಕಾರ್ಡ್ ಆಗುವುದಿಲ್ಲ. ಅದು ಇಲ್ಲಿನ ಅಂಗಡಿಯಲ್ಲಿ ಸಿಗುತ್ತಾ, ಅಥವಾ ಅದನ್ನೂ ಭಾವನ ಕೈಲೇ ತರಿಸಲಾ? ನಿಂಟೆಂಡೊದ ಆನ್‌ಲೈನ್ ಗೇಮ್ ಅಂಗಡಿ ಈಶಾಪ್‌ಗೆ ಯಾವ ದೇಶದ ಅಕೌಂಟ್ ಇಟ್ಟುಕೊಂಡಿದ್ದೀರಿ, ದುಡ್ಡು ಹೇಗೆ ಕಟ್ಟುತ್ತೀರಿ?

ಭಾವ ಈ ವಾರವೇ ಕೊಳ್ಳುತ್ತಾರಂತೆ. ಬೇಗ ತಿಳಿಸಿದರೆ ಉಪಕಾರ ಆಗುತ್ತದೆ.